ಮೀಟರಿನಲ್ಲಿ ಕಾಣದ ಬಿಸಿಲು

(ಡೆಟ್ರಾಯಿಟ್ ಸುತ್ತಮುತ್ತಲಿನ ಕನ್ನಡಿಗರ ಸಭೆಯೊಂದರಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಚಳಿಗಾಲ ಮುಗಿಯುತ್ತ ಬಂದಂತೆ ನನಗೆ ಒಂದೇ ಬಗೆಯ ಫೋನುಗಳು ಬರಲು ಶುರುವಾಗುತ್ತವೆ. "ಸರ್, ಅರಿಜೋನಾದ ಗಾಡಿಯೊಂದು ಕಣ್ಣಿಗೆ ಬಿದ್ದಿದೆ. ಹತ್ತು ವರ್ಷ ಹಳೆಯದು, ಆದರೆ ತಳದಲ್ಲಿ ಚೂರೂ ತುಕ್ಕಿಲ್ಲ. ಹೆಚ್ಚು ಓಡಿಯೂ ಇಲ್ಲ. ಕಣ್ಣು ಮುಚ್ಚಿಕೊಂಡು ತೆಗೆದುಕೊಳ್ಳಬಹುದಲ್ಲವೇ?" ಫೋನು ಮಾಡಿದವರು ಉತ್ತರವನ್ನು ಆಗಲೇ ಮನಸ್ಸಿನಲ್ಲಿ ಬರೆದುಕೊಂಡಿರುತ್ತಾರೆ. ನನ್ನಿಂದ ಬೇಕಾಗಿರುವುದು ಆಶೀರ್ವಾದ ಮಾತ್ರ. ಒಬ್ಬೊಬ್ಬರಿಗೆ ಬಿಡಿಬಿಡಿಯಾಗಿ ಹೇಳುವ ಬದಲು ಎಲ್ಲರಿಗೂ ಒಟ್ಟಿಗೆ ಹೇಳಿಬಿಡಿ ಎಂದು ಕಾರ್ಯದರ್ಶಿಗಳು ಸೂಚಿಸಿದ್ದರಿಂದ ಇಲ್ಲಿ ನಿಂತಿದ್ದೇನೆ. ನಾನು ಕಾರು ಮಾರುವವನಲ್ಲ, ರಿಪೇರಿ ಮಾಡುವವನೂ ಅಲ್ಲ. ಇಪ್ಪತ್ತು ವರ್ಷಗಳಿಂದ ಕಾರಿನ ರಬ್ಬರು ಮತ್ತು ಪ್ಲಾಸ್ಟಿಕ್ ಭಾಗಗಳನ್ನು ಪರೀಕ್ಷಿಸುವ ಕೆಲಸದಲ್ಲಿದ್ದೇನೆ. ವಸ್ತುಗಳು ಹೇಗೆ ಕೆಡುತ್ತವೆ ಎಂದು ನೋಡುತ್ತ ಕೂರುವುದಕ್ಕೆ ನನಗೆ ಸಂಬಳ ಕೊಡುತ್ತಾರೆ.

ತುಕ್ಕಿನ ಭಯ ಸುಳ್ಳು ಭಯವಲ್ಲ. ನಾವು ಕುಳಿತಿರುವ ಈ ನೆಲದ ಹತ್ತಿರವೇ, ಡೆಟ್ರಾಯಿಟ್ ನಗರದ ಕೆಳಗೆ ಸಾವಿರಕ್ಕೂ ಹೆಚ್ಚು ಅಡಿ ಆಳದಲ್ಲಿ ಉಪ್ಪಿನ ದೊಡ್ಡ ಗಣಿಯಿದೆ. ರಸ್ತೆಯ ಹಿಮ ಕರಗಿಸಲು ಚೆಲ್ಲುವ ಉಪ್ಪು ಅಲ್ಲಿಂದಲೂ ಬರುತ್ತದೆ. ಕಾರು ಹುಟ್ಟುವ ಊರಿನ ಕಾಲಡಿಯಲ್ಲೇ ಕಾರು ತಿನ್ನುವ ಉಪ್ಪನ್ನು ಇಟ್ಟ ದೇವರಿಗೆ ಒಳ್ಳೆಯ ಹಾಸ್ಯಪ್ರಜ್ಞೆ ಇರಬೇಕು. ಆ ಉಪ್ಪುನೀರು ಚಾಸಿಯ ಸಂದುಗೊಂದುಗಳಲ್ಲಿ ಕುಳಿತು ಬ್ರೇಕ್ ಪೈಪನ್ನು ತೂತು ಮಾಡುತ್ತದೆ, ಬಾಗಿಲಿನ ಕೆಳಗಿನ ಪಟ್ಟಿಯನ್ನು ಹಪ್ಪಳ ಮಾಡುತ್ತದೆ. ಮಂಗಳೂರು, ಕಾರವಾರದ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕಡಲ ಗಾಳಿಗೆ ಕಿಟಕಿಯ ಸರಳು ಏನಾಗುತ್ತದೆ ಎಂದು ನೋಡಿಯೇ ಬೆಳೆದವರು.

ಹಾಗಾಗಿ ಎರಡು ಸಾವಿರ ಮೈಲಿ ಆಚೆ, ಅರಿಜೋನಾದ ಮರಳುಗಾಡಿನಲ್ಲಿ, ಉಪ್ಪು ಚೆಲ್ಲಬೇಕಿಲ್ಲದ ಫೀನಿಕ್ಸ್‌ನ ಕಾರು ನಮಗೆ ಚಂದ ಕಾಣುತ್ತದೆ. ದೂರದ ಬೆಟ್ಟ ನುಣ್ಣಗೆ ಎಂದು ಹೇಳಿ ಮುಗಿಸುವಂತೆಯೂ ಇಲ್ಲ. ಆ ಕಾರಿನ ತಳ ಹತ್ತಿರ ಹೋಗಿ ನೋಡಿದರೂ ನಿಜಕ್ಕೂ ನುಣ್ಣಗೆ ಇರುತ್ತದೆ. ತುಕ್ಕಿನ ನಾಡಿನ ನಮಗೆ ಕಾರಿನ ಕೆಳಗೆ ಬಗ್ಗಿ ನೋಡುವುದೇ ಪರೀಕ್ಷೆ. ಅಲ್ಲಿ ಶುಭ್ರವಾಗಿದ್ದರೆ ಎದ್ದು, ಕೈ ಒರೆಸಿಕೊಂಡು, ಚೆಕ್ ಬರೆಯುತ್ತೇವೆ. ಆದರೆ ಮರಳುಗಾಡು ಕಾರನ್ನು ತಿನ್ನುವುದು ಮೇಲಿನಿಂದ.

ಕಾರು ಕಂಪನಿಗಳು ತಮ್ಮ ಹೊಸ ಕಾರುಗಳನ್ನು ಹಿಂಸಿಸಿ ನೋಡಬೇಕಾದಾಗ ಎಲ್ಲಿಗೆ ಒಯ್ಯುತ್ತವೆ? ಜನರಲ್ ಮೋಟರ್ಸ್ 1953ರಲ್ಲಿ ಫೀನಿಕ್ಸ್ ಪಕ್ಕದ ಮೆಸಾದಲ್ಲಿ ಮರುಭೂಮಿ ಪರೀಕ್ಷಾ ಮೈದಾನವನ್ನು ತೆರೆಯಿತು. ಅರ್ಧ ಶತಮಾನದ ನಂತರ ಅದನ್ನು ಮುಚ್ಚಿ ಹೋದದ್ದು ತಂಪು ಊರಿಗಲ್ಲ, ಅದೇ ರಾಜ್ಯದ ಯೂಮಾಕ್ಕೆ. ನಮ್ಮಂಥ ಪ್ರಯೋಗಾಲಯದವರು ಪೇಂಟ್, ಪ್ಲಾಸ್ಟಿಕ್, ರಬ್ಬರಿನ ತುಂಡುಗಳನ್ನು ಫೀನಿಕ್ಸ್‌ನ ಉತ್ತರಕ್ಕಿರುವ ಬಯಲಿನಲ್ಲಿ ಚೌಕಟ್ಟುಗಳಿಗೆ ಸಿಕ್ಕಿಸಿ ಸೂರ್ಯನಿಗೆ ಮುಖ ಮಾಡಿ ಇಡಿಸುತ್ತೇವೆ. ಒಣ ಬಿಸಿಲಿಗೆ ಅರಿಜೋನಾ, ತೇವದ ಬಿಸಿಲಿಗೆ ದಕ್ಷಿಣ ಫ್ಲಾರಿಡಾ: ಇವೆರಡೂ ಈ ಉದ್ಯಮದ ಒರೆಗಲ್ಲುಗಳು. ನಾವು ವಸ್ತುಗಳನ್ನು ಬೇಗ ಸಾಯಿಸಲು ಕಳಿಸುವ ಊರಿನಿಂದಲೇ ನೀವು ಚಿರಂಜೀವಿ ಕಾರನ್ನು ತರಿಸಲು ಹೊರಟಿದ್ದೀರಿ.

ನಾನು ರಾಯಚೂರಿನವನು. ಬಿಸಿಲಿನ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಿಲ್ಲ ಎಂಬ ಜಂಬ ನನಗಿತ್ತು. ಬೇಸಿಗೆಯಲ್ಲಿ ನಮ್ಮ ಅವ್ವ ಮಾಳಿಗೆಯ ಮೇಲೆ ಸಂಡಿಗೆ ಇಡುತ್ತಿದ್ದಳು. ಎರಡು ದಿನದ ಬಿಸಿಲು ಕಂಡ ಸಂಡಿಗೆ ವರ್ಷವಿಡೀ ಡಬ್ಬಿಯಲ್ಲಿ ಕೆಡದೆ ಇರುತ್ತಿತ್ತು. ಬೂಷ್ಟಿಲ್ಲ, ವಾಸನೆಯಿಲ್ಲ. ಆದರೆ ಡಬ್ಬಿ ಒಮ್ಮೆ ಕೈಜಾರಿ ಬಿದ್ದರೆ ಒಳಗೆಲ್ಲ ಪುಡಿ. ಕೆಡದಂತೆ ಕಾಯ್ದ ಬಿಸಿಲೇ ಅದನ್ನು ಪೆಳಸು ಮಾಡಿತ್ತು. ಅರಿಜೋನಾದ ಕಾರಿನ ಬಗ್ಗೆ ನನಗೆ ಗೊತ್ತಿರುವುದರ ಅರ್ಧ ಅಲ್ಲಿಯೇ ಇದೆ. ಇನ್ನರ್ಧ ಕೇಳಿ.

ಆ ಬಿಸಿಲು ಎಷ್ಟು? 2023ರ ಬೇಸಿಗೆಯಲ್ಲಿ ಫೀನಿಕ್ಸ್‌ನಲ್ಲಿ ಸತತ 31 ದಿನ ಉಷ್ಣಾಂಶ 110 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿತು ಅಥವಾ ದಾಟಿತು. ನಮ್ಮ ಲೆಕ್ಕದಲ್ಲಿ 43 ಸೆಲ್ಸಿಯಸ್‌ಗೂ ಮೇಲೆ. ಮರುವರ್ಷ ಸತತ 113 ದಿನ 100 ಡಿಗ್ರಿಗಿಂತ ಕೆಳಗಿಳಿಯದ ಮಧ್ಯಾಹ್ನಗಳು. ಇದು ನೆರಳಿನಲ್ಲಿ ಅಳೆದ ಗಾಳಿಯ ಬಿಸಿ. ಬಿಸಿಲಿನಲ್ಲಿ ನಿಂತ ಕಾರಿನ ಒಳಗಿನ ಲೆಕ್ಕವೇ ಬೇರೆ. ಅರಿಜೋನಾ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರು ಪಾಲ್ಗೊಂಡು 2018ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಬಿಸಿಲಿಗೆ ನಿಲ್ಲಿಸಿದ ಒಂದು ಗಂಟೆಗೆ ಡ್ಯಾಶ್‌ಬೋರ್ಡಿನ ಸರಾಸರಿ ಬಿಸಿ 157 ಫ್ಯಾರನ್‌ಹೀಟ್ ಬಂದಿತ್ತು. ಅಂದರೆ ಸುಮಾರು 69 ಸೆಲ್ಸಿಯಸ್. ನೆರಳಿನಲ್ಲಿ ನಿಲ್ಲಿಸಿದಾಗ ಅದೇ ಡ್ಯಾಶ್‌ಬೋರ್ಡು 118. ನೆರಳಿಗೂ ಬಿಸಿಲಿಗೂ ನಡುವಿನ ಈ ಅಂತರವನ್ನು ನೆನಪಿಟ್ಟುಕೊಳ್ಳಿ, ಮತ್ತೆ ಬೇಕಾಗುತ್ತದೆ.

ರಸಾಯನಶಾಸ್ತ್ರದಲ್ಲಿ ಒಂದು ಒರಟು ಲೆಕ್ಕವಿದೆ: ಬಿಸಿ ಹತ್ತು ಸೆಲ್ಸಿಯಸ್ ಏರಿದರೆ ಅನೇಕ ರಾಸಾಯನಿಕ ಕ್ರಿಯೆಗಳ ವೇಗ ಹೆಚ್ಚುಕಡಿಮೆ ಎರಡರಷ್ಟಾಗುತ್ತದೆ. ಸ್ವೀಡನ್ನಿನ ಅರೇನಿಯಸ್ 19ನೆಯ ಶತಮಾನದ ಕೊನೆಯಲ್ಲಿ ಕೊಟ್ಟ ಸೂತ್ರದಿಂದ ಬಂದ ಮಾತು ಇದು. ರಬ್ಬರು ಗಟ್ಟಿಯಾಗುವುದು, ಪ್ಲಾಸ್ಟಿಕ್ಕಿಗೆ ಮೃದುತನ ಕೊಡುವ ಎಣ್ಣೆಯಂಥ ಪದಾರ್ಥ ಆವಿಯಾಗುವುದು, ಬ್ಯಾಟರಿಯ ಒಳಗಿನ ಸೀಸದ ಜಾಲರಿ ಸವೆಯುವುದು ಎಲ್ಲವೂ ಈ ತಾಳಕ್ಕೆ ಕುಣಿಯುತ್ತವೆ. ಕಾರು ಓಡುತ್ತಿದ್ದರೂ ಕುಣಿಯುತ್ತವೆ, ನಿಂತಿದ್ದರೂ ಕುಣಿಯುತ್ತವೆ.

ನಿಂತಿದ್ದರೂ ಎಂಬ ಮಾತಿನ ಮೇಲೆ ಸ್ವಲ್ಪ ಹೊತ್ತು ನಿಲ್ಲುತ್ತೇನೆ, ಏಕೆಂದರೆ ನಮ್ಮವರು ಹೆಚ್ಚು ಮೋಸಹೋಗುವುದು ಇಲ್ಲಿ. ಮಿಶಿಗನ್, ಮಿನೆಸೋಟದ ಕಡೆಯ ನಿವೃತ್ತರು ಚಳಿಗಾಲದಲ್ಲಿ ಅರಿಜೋನಾಕ್ಕೆ ವಲಸೆ ಹೋಗುವುದು ನಿಮಗೆ ಗೊತ್ತು. ಹಿಮಹಕ್ಕಿಗಳು ಎಂದೇ ಅವರನ್ನು ಕರೆಯುತ್ತಾರೆ. ಅನೇಕರು ಅಲ್ಲಿಯೇ ಒಂದು ಕಾರು ಇಟ್ಟುಕೊಂಡಿರುತ್ತಾರೆ. ವಸಂತ ಬಂದೊಡನೆ ತಾವು ವಿಮಾನ ಹತ್ತಿ ಇಲ್ಲಿಗೆ ಬರುತ್ತಾರೆ, ಕಾರು ಅಲ್ಲಿ ಬೇಸಿಗೆಯಿಡೀ ಬೇಯುತ್ತದೆ. ಹನ್ನೆರಡು ವರ್ಷದ ನಂತರ ಅದನ್ನು ಮಾರಾಟಕ್ಕೆ ಇಟ್ಟಾಗ ಮೀಟರಿನಲ್ಲಿ 38,000 ಮೈಲಿ. ವಯಸ್ಸಾದ ದಂಪತಿಗಳ ಕಾರು, ದೇವಸ್ಥಾನದ ತೇರಿನಂತೆ ವರ್ಷಕ್ಕೊಮ್ಮೆ ಹೊರತೆಗೆದದ್ದು ಎಂದು ನಾವು ಹಿಗ್ಗುತ್ತೇವೆ. ಮೀಟರು ಚಕ್ರದ ಸುತ್ತುಗಳನ್ನು ಎಣಿಸುತ್ತದೆ, ಬಿಸಿಲಿನ ಗಂಟೆಗಳನ್ನು ಎಣಿಸುವುದಿಲ್ಲ. ಆದ್ದರಿಂದ ಮಾರುವವರನ್ನು ನಾನು ಕೇಳುವ ಮೊದಲ ಪ್ರಶ್ನೆ ಎಷ್ಟು ಓಡಿದೆ ಎಂಬುದಲ್ಲ, ಎಲ್ಲಿ ನಿಲ್ಲುತ್ತಿತ್ತು ಎಂಬುದು. ಗ್ಯಾರೇಜಿನಲ್ಲೋ, ತಗಡಿನ ಚಪ್ಪರದ ಕೆಳಗೋ, ಆಕಾಶದ ಕೆಳಗೋ? ಆಗ ಹೇಳಿದ 157 ಮತ್ತು 118ರ ಅಂತರ ಈ ಒಂದು ಉತ್ತರದಲ್ಲಿದೆ.

ಟಯರಿಗೆ ಬರೋಣ. ಕಡಿಮೆ ಓಡಿದ ಕಾರಿನ ಟಯರಿನ ಗೀರುಗಳು ಆಳವಾಗಿರುತ್ತವೆ, ನೋಡಿದರೆ ಹೊಸತೇ. ಆದರೆ ರಬ್ಬರಿನ ಶತ್ರು ಸವೆತವೊಂದೇ ಅಲ್ಲ. ಗಾಳಿಯ ಓಜೋನ್ ರಬ್ಬರಿನ ಅಣುಸರಪಳಿಗಳನ್ನು ಕತ್ತರಿಸುತ್ತದೆ. ಅದನ್ನು ತಡೆಯಲು ತಯಾರಕರು ಟಯರಿನೊಳಗೆ ಒಂದು ಬಗೆಯ ಮೇಣ ಬೆರೆಸಿರುತ್ತಾರೆ. ಟಯರು ಉರುಳುತ್ತ, ಬಾಗುತ್ತ ಇದ್ದರೆ ಆ ಮೇಣ ಮೇಲಕ್ಕೆ ಒಸರುತ್ತಿರುತ್ತದೆ. ನಿಂತ ಗಾಡಿಯಲ್ಲಿ ಆ ಒಸರು ಸರಿಯಾಗಿ ಆಗುವುದಿಲ್ಲ. ಪಕ್ಕದ ಗೋಡೆಯಲ್ಲಿ ಕೆರೆಯ ತಳದ ಬಿರುಕಿನಂಥ ಸಣ್ಣ ಗೆರೆಗಳು ಕಾಣಿಸಿದರೆ ಗೀರು ಎಷ್ಟೇ ಆಳವಿರಲಿ, ಆ ಟಯರಿನ ಕತೆ ಮುಗಿದಿದೆ. ಒಳಗಿನ ಪದರಗಳ ಹಿಡಿತ ಸಡಿಲವಾದರೆ ಹೊರಗೆ ಏನೂ ಕಾಣುವುದಿಲ್ಲ, ಹೆದ್ದಾರಿಯ ವೇಗದಲ್ಲಿ ಮೇಲಿನ ಪಟ್ಟಿಯೇ ಕಿತ್ತು ಬರುತ್ತದೆ. 2000ನೆಯ ಇಸವಿಯಲ್ಲಿ ಫೈರ್‌ಸ್ಟೋನ್ ಕಂಪನಿ ಸುಮಾರು 65 ಲಕ್ಷ ಟಯರುಗಳನ್ನು ಹಿಂದಕ್ಕೆ ಕರೆಸಿಕೊಂಡದ್ದು ಹಿರಿಯರಿಗೆ ನೆನಪಿರಬಹುದು. ಆ ದೂರುಗಳು ಹೆಚ್ಚಾಗಿ ಬಂದದ್ದು ಅರಿಜೋನಾ, ಟೆಕ್ಸಸ್, ಫ್ಲಾರಿಡಾದಂಥ ಬಿಸಿ ರಾಜ್ಯಗಳಿಂದ. ಟಯರಿನಲ್ಲಿ ದೋಷವಿದ್ದದ್ದು ನಿಜ, ಆ ದೋಷವನ್ನು ಹೊರಗೆಳೆದದ್ದು ಬಿಸಿ.

ಟಯರಿನ ಜಾತಕ ಅದರ ಪಕ್ಕದಲ್ಲೇ ಬರೆದಿರುತ್ತದೆ. ಡಿಒಟಿ ಎಂದು ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕಿ ನೋಡಿ: 2319 ಎಂದಿದ್ದರೆ 2019ರ 23ನೆಯ ವಾರದಲ್ಲಿ ಹುಟ್ಟಿದ್ದು. ಆರು ವರ್ಷ ದಾಟಿದ ಟಯರು ಬದಲಿಸಿ ಎಂದು ಅನೇಕ ಕಾರು ಕಂಪನಿಗಳೇ ಹೇಳುತ್ತವೆ. ಮರಳುಗಾಡಿನಿಂದ ಬಂದದ್ದಾದರೆ ನಾನು ಆ ಆರನ್ನೂ ಉದಾರ ಎನ್ನುತ್ತೇನೆ. ಸ್ಟೆಪ್ನಿಯನ್ನೂ ನೋಡಿ. ನಾಲ್ಕು ಹೊಸ ಟಯರು ಹಾಕಿಸಿ ಮಾರುವವರು ಸ್ಟೆಪ್ನಿಯನ್ನು ಮರೆತಿರುತ್ತಾರೆ. ಕಾರು ಹುಟ್ಟಿದ ದಿನದ ಟಯರು ಅಲ್ಲಿ ಹಾಗೆಯೇ ಕುಳಿತಿರುತ್ತದೆ.

ಇನ್ನು ಬಾಗಿಲಿನ ರಬ್ಬರ್ ಬೀಡಿಂಗ್. ಇದು ನನ್ನದೇ ಕತೆ, ನಾಚಿಕೆಯಿಂದಲೇ ಹೇಳುತ್ತೇನೆ. ಆರು ವರ್ಷದ ಹಿಂದೆ ನಾನೂ ಫೀನಿಕ್ಸ್‌ನಿಂದ ಹತ್ತು ವರ್ಷ ಹಳೆಯ ಎಸ್‌ಯುವಿ ತಂದೆ. ಜೂನ್ ತಿಂಗಳ ಮಧ್ಯಾಹ್ನ ಹೋಗಿ ನೋಡಿದ್ದೆ. ಬೀಡಿಂಗನ್ನು ಹೆಬ್ಬೆರಳಿನಿಂದ ಒತ್ತಿದೆ, ಮೆತ್ತಗೆ ಒಳಗೆ ಹೋಯಿತು. ಸಂತೋಷಪಟ್ಟೆ. ರಬ್ಬರಿನ ಕೆಲಸದಲ್ಲಿ ತಲೆ ನೆರೆಯಿಸಿಕೊಂಡವನಿಗೆ ಆ ಬಿಸಿಯಲ್ಲಿ ಯಾವ ಗಟ್ಟಿ ರಬ್ಬರೂ ಮೆತ್ತಗೇ ತೋರುತ್ತದೆ ಎಂಬುದು ಹೊಳೆಯಲಿಲ್ಲ. ಫೀನಿಕ್ಸ್‌ನಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು ಏಳು ಇಂಚು. ಆಗುಂಬೆಯಲ್ಲಿ ಅದು ಜೋರು ಮಳೆಯ ಒಂದು ದಿನದ ಲೆಕ್ಕ. ಅಂಥ ಊರಿನಲ್ಲಿ ಬೀಡಿಂಗ್ ಸೋರುತ್ತದೆಯೋ ಇಲ್ಲವೋ ಎಂದು ಹಳೆಯ ಮಾಲೀಕರಿಗೂ ಗೊತ್ತಿರುವುದಿಲ್ಲ, ಸುಳ್ಳು ಹೇಳಿದರು ಎಂದು ಅವರನ್ನು ದೂರುವಂತಿಲ್ಲ. ಇಲ್ಲಿ ಅಕ್ಟೋಬರಿನ ಮೊದಲ ದೊಡ್ಡ ಮಳೆಗೆ ಹಿಂದಿನ ಸೀಟಿನ ಕಾಲಡಿಯ ಮ್ಯಾಟು ಕೆರೆಯಾಯಿತು. ಸನ್‌ರೂಫಿನ ನೀರು ಇಳಿದುಹೋಗುವ ಸಣ್ಣ ಕೊಳವೆಗಳೂ ಮರಳುಗಾಡಿನ ನುಣುಪು ಧೂಳಿನಿಂದ ಕಟ್ಟಿಹೋಗಿದ್ದವು. ಜನವರಿಯ ಚಳಿಗೆ ಅದೇ ಬೀಡಿಂಗ್ ಕೋಲಿನಂತೆ ಸೆಟೆದು ಬಾಗಿಲು ಹಾಕಿಕೊಂಡರೂ ಗಾಳಿ ಸಿಳ್ಳೆ ಹೊಡೆಯುತ್ತಿತ್ತು. ನನ್ನ ಹೆಂಡತಿ ಇಂದಿಗೂ ಮನೆಗೆ ಬಂದವರಿಗೆ ನನ್ನ ಉದ್ಯೋಗವನ್ನು ಪರಿಚಯಿಸುವಾಗ ಈ ಪ್ರಸಂಗವನ್ನು ಬಿಡುವುದಿಲ್ಲ.

ಹಾಗಾಗಿ ಅಲ್ಲಿನ ಕಾರನ್ನು ನೋಡುವುದಿದ್ದರೆ ಸೂರ್ಯ ಹುಟ್ಟುವ ಮೊದಲು, ಎಂಜಿನ್ ತಣ್ಣಗಿರುವಾಗ ನೋಡಿ. ಆಗ ರಬ್ಬರು ನಿಜ ಹೇಳುತ್ತದೆ. ಎಂಜಿನ್ನಿನ ಹೋಸ್ ಪೈಪುಗಳನ್ನು ಹಿಂಡಿ ನೋಡಿ. ಸ್ಟಾರ್ಟ್ ಮಾಡಿ ಗೇರಿಗೆ ಹಾಕಿದಾಗ ಬಾನೆಟ್ಟು ನಡುಗಿದರೆ ಎಂಜಿನ್ ಕೂರಿಸಿರುವ ರಬ್ಬರ್ ಮೌಂಟುಗಳ ಮೇಲೆ ಅನುಮಾನ ಪಡಿ. ಪ್ಲಾಸ್ಟಿಕ್ಕಿನದೂ ಇದೇ ಗತಿ. ವೈರಿಂಗ್ ಕನೆಕ್ಟರುಗಳ ಸಣ್ಣ ಕೊಕ್ಕೆಗಳು, ರೇಡಿಯೇಟರಿನ ಪಕ್ಕದ ಟ್ಯಾಂಕುಗಳು, ಕೂಲಂಟ್ ಎಂಬ, ಎಂಜಿನ್ನನ್ನು ತಂಪಾಗಿಡುವ ದ್ರವದ ಬಾಟಲಿ ಕೈ ಮುಟ್ಟುವವರೆಗೂ ಸುಸೂತ್ರವಾಗಿರುತ್ತವೆ. ಒಂದು ಬಲ್ಬು ಬದಲಿಸಲು ಹೋದ ಮೆಕ್ಯಾನಿಕ್ ಮೂರು ಕೊಕ್ಕೆ ಮುರಿದುಕೊಂಡು ಬರುತ್ತಾನೆ. ಅವನ ತಪ್ಪಲ್ಲ, ಕೋಡುಬಳೆಯನ್ನು ಬಗ್ಗಿಸಿ ಎಂದರೆ ಯಾರಿಂದ ಆಗುತ್ತದೆ?

ಬ್ಯಾಟರಿಯ ವಿಷಯದಲ್ಲಿ ಒಂದು ತಪ್ಪು ತಿಳಿವಳಿಕೆ ಗಟ್ಟಿಯಾಗಿ ಬೇರೂರಿದೆ: ಬ್ಯಾಟರಿಯನ್ನು ಕೊಲ್ಲುವುದು ಚಳಿ ಎಂದು. ಚಳಿ ಅದರ ಶಕ್ತಿಯನ್ನು ಕುಗ್ಗಿಸುತ್ತದೆ ಅಷ್ಟೆ. ಸೊನ್ನೆ ಫ್ಯಾರನ್‌ಹೀಟ್‌ನಲ್ಲಿ ಅರ್ಧಕ್ಕಿಂತ ಕಡಿಮೆ ಉಳಿಯುತ್ತದೆ, ಬೆಚ್ಚಗಾದರೆ ಮರಳಿ ಬರುತ್ತದೆ. ಶಾಶ್ವತವಾಗಿ ಕೆಡಿಸುವುದು ಸೆಕೆ. ಆದರೆ ಬೆಚ್ಚಗಿನ ಊರಿನಲ್ಲಿ ಎಂಜಿನ್ನನ್ನು ತಿರುಗಿಸಲು ಹೆಚ್ಚು ಶಕ್ತಿ ಬೇಡವಾದ್ದರಿಂದ ಅರ್ಧ ಸತ್ತ ಬ್ಯಾಟರಿಯೂ ಒಂದೇ ಸಲಕ್ಕೆ ಗಾಡಿ ಸ್ಟಾರ್ಟ್ ಮಾಡುತ್ತದೆ. ಅದನ್ನು ತಂದು ಡಿಸೆಂಬರಿನ ಬೆಳಗ್ಗೆ ಇಲ್ಲಿ ಕೀಲಿ ತಿರುಗಿಸಿದರೆ ಟಿಕ್ ಎಂಬ ಸದ್ದೊಂದೇ. ಏಟು ಬಿದ್ದದ್ದು ಫೀನಿಕ್ಸ್‌ನಲ್ಲಿ, ಪ್ರಾಣ ಬಿಟ್ಟದ್ದು ಇಲ್ಲಿ ಡೆಟ್ರಾಯಿಟ್ ಪಕ್ಕದ ನೋವಾಯ್‌ನಲ್ಲಿ, ದೂರು ಮಾತ್ರ ಚಳಿಯ ಮೇಲೆ.

ವಿದ್ಯುತ್ ಕಾರು ಕೊಳ್ಳುವವರು ಇದನ್ನು ಎರಡು ಬಾರಿ ಕೇಳಿಸಿಕೊಳ್ಳಿ. 2012ರಲ್ಲಿ ಫೀನಿಕ್ಸ್‌ನ ಕೆಲವು ನಿಸ್ಸಾನ್ ಲೀಫ್ ಮಾಲೀಕರು ತಮ್ಮ ಕಾರಿನ ಬ್ಯಾಟರಿ ಸಾಮರ್ಥ್ಯ ತೋರಿಸುವ ಹನ್ನೆರಡು ಗೆರೆಗಳಲ್ಲಿ ಒಂದೊಂದೇ ಆರುತ್ತಿರುವುದನ್ನು ಗಮನಿಸಿದರು. ಕಾರುಗಳಿಗೆ ಆಗ ಎರಡು ವರ್ಷವೂ ತುಂಬಿರಲಿಲ್ಲ. ಆ ಕಾರಿನ ಬ್ಯಾಟರಿಗೆ ದ್ರವ ಹರಿಸಿ ತಂಪು ಮಾಡುವ ವ್ಯವಸ್ಥೆ ಇರಲಿಲ್ಲ. ಗಲಾಟೆಯಾಯಿತು, ಕಂಪನಿ ಕೆಲವು ಕಾರುಗಳನ್ನು ಮರಳಿ ಕೊಂಡುಕೊಂಡಿತು, ಐದು ವರ್ಷ ಅಥವಾ 60,000 ಮೈಲಿಯ ಒಳಗೆ ಗೆರೆಗಳು ಒಂಬತ್ತಕ್ಕಿಂತ ಕೆಳಗಿಳಿದರೆ ಸರಿಪಡಿಸಿಕೊಡುವ ಖಾತರಿ ಕೊಟ್ಟಿತು, ಮುಂದೆ ಸೆಕೆ ತಡೆಯುವ ಬ್ಯಾಟರಿಯನ್ನೂ ತಂದಿತು. ಆದರೆ ಆ ಹಳೆಯ ಕಾರುಗಳು ಎಲ್ಲಿಗೋ ಮಾಯವಾಗಲಿಲ್ಲ. ಅಗ್ಗದ ಬೆಲೆಗೆ ಕೈಯಿಂದ ಕೈಗೆ ದಾಟಿದವು.

ಪೇಂಟಿನ ಬಗ್ಗೆ ಹೆಚ್ಚು ಹೇಳುವುದಿಲ್ಲ, ಅದು ಕಣ್ಣಿಗೆ ಕಾಣುತ್ತದೆ. ಕಾಣದಂತೆ ಮಾಡಿದ್ದರೆ ಮಾತ್ರ ತೊಂದರೆ. ಬಿಸಿಲು ನೇರ ಬೀಳುವ ಛಾವಣಿ ಮತ್ತು ಬಾನೆಟ್ಟಿನ ಮೇಲಿನ ಪಾರದರ್ಶಕ ಪದರ ಮೊದಲು ಸುಲಿಯುತ್ತದೆ. ಆ ಎರಡಷ್ಟೇ ಹೊಸತಾಗಿ ಹೊಳೆಯುತ್ತ ಬಾಗಿಲುಗಳು ಮಾಸಲಾಗಿದ್ದರೆ ಕಾರಣ ಕೇಳಿ. ಹೆಡ್‌ಲೈಟಿನದೂ ಹಾಗೆಯೇ: ಹಳದಿಯಾದದ್ದನ್ನು ಉಜ್ಜಿ ಬೆಳ್ಳಗೆ ಮಾಡಿರುತ್ತಾರೆ, ಉಜ್ಜುವಾಗ ಕಾಪಾಡುವ ಪದರವೂ ಹೋಗಿರುತ್ತದೆ, ಕೆಲವೇ ತಿಂಗಳಲ್ಲಿ ಕಾಮಾಲೆ ಮರಳುತ್ತದೆ. ಮುಂದಿನ ಗಾಜನ್ನು ಮಾತ್ರ ಮಧ್ಯಾಹ್ನ ನೋಡಬೇಡಿ. ಇಳಿಹೊತ್ತಿನ ಸೂರ್ಯನಿಗೆ ಎದುರಾಗಿ ಓಡಿಸಿ ನೋಡಿ. ಮರಳು ಬಡಿದು ಬಿದ್ದ ಸಾವಿರಾರು ಚುಕ್ಕೆಗಳು ಆಗ ಒಮ್ಮೆಗೇ ಹೊತ್ತಿಕೊಳ್ಳುತ್ತವೆ, ಎದುರಿನ ರಸ್ತೆ ಮಂಜಾಗುತ್ತದೆ.

ಕಾನೂನಿನ ಒಂದು ಕಿರಿಕಿರಿಯೂ ಇದೆ. ಅರಿಜೋನಾದಲ್ಲಿ ಮುಂದಿನ ಬಾಗಿಲುಗಳ ಗಾಜಿಗೆ ಶೇ. 33ರಷ್ಟು ಬೆಳಕು ಬಿಡುವ ಕಪ್ಪು ಫಿಲ್ಮ್ ಹಾಕಬಹುದು. ನಮ್ಮ ಮಿಶಿಗನ್ನಿನಲ್ಲಿ ಆ ಗಾಜುಗಳ ಮೇಲಿನ ನಾಲ್ಕು ಇಂಚಿಗೆ ಮಾತ್ರ ಅವಕಾಶ. ಕೂಲಂಟ್ ಅದಕ್ಕಿಂತ ಗಂಭೀರ. ಹಿಮ ಬೀಳದ ಊರಿನಲ್ಲಿ ಕೂಲಂಟ್ ಇಳಿದಾಗಲೆಲ್ಲ ಬರೀ ನೀರು ಸುರಿದಿರುವವರು ಇದ್ದಾರೆ. ಆ ತೆಳು ದ್ರವ ಇಲ್ಲಿನ ಚಳಿಗೆ ಹೆಪ್ಪುಗಟ್ಟಿ ಹಿಗ್ಗಿದರೆ ಎಂಜಿನ್ ಬ್ಲಾಕೇ ಸೀಳಬಹುದು. ಕಾರು ಮನೆಗೆ ಬಂದ ದಿನವೇ ಪರೀಕ್ಷೆ ಮಾಡಿಸಿ, ಅನುಮಾನವಿದ್ದರೆ ಪೂರ್ತಿ ಬದಲಿಸಿ.

ಪ್ರಶ್ನೋತ್ತರದಲ್ಲಿ ಪುತ್ತೂರಿನ ಕಡೆಯ ಒಬ್ಬರು, ಮರಳುಗಾಡಿನ ಕಾರಿಗೆ ಪ್ರವಾಹದ ಭಯವಂತೂ ಇಲ್ಲವಲ್ಲ ಎಂದು ಕೇಳಿದರು. ಅವರ ತಮ್ಮ ದುಬೈಯಲ್ಲಿದ್ದಾರೆ. 2024ರ ಏಪ್ರಿಲ್ 16ರಂದು ಅಲ್ಲಿ ಏನಾಯಿತೆಂದು ತಮ್ಮನನ್ನೇ ಕೇಳಿ ಎಂದೆ. ದಾಖಲೆ ಇಡಲು ಶುರುವಾದ 75 ವರ್ಷಗಳಲ್ಲೇ ಹೆಚ್ಚಿನ ಮಳೆ ಅಂದು ಬಿತ್ತು, ರಸ್ತೆಗಳಲ್ಲಿ ಕಾರುಗಳು ತೇಲಿದವು. ಗಟ್ಟಿ ನೆಲ ನೀರು ಕುಡಿಯುವುದಿಲ್ಲ. ಅರಿಜೋನಾದಲ್ಲೂ ಮುಂಗಾರು ಎಂದೇ ಕರೆಯುವ ಕಾಲವಿದೆ. ಜೂನ್ ಮಧ್ಯದಿಂದ ಸೆಪ್ಟೆಂಬರ್ ಕೊನೆಯವರೆಗೆ. ಒಣ ಹಳ್ಳಗಳು ಗಳಿಗೆಯಲ್ಲಿ ತುಂಬಿ ಹರಿಯುತ್ತವೆ. ಅಡ್ಡಗಟ್ಟೆ ದಾಟಿ ನೀರಿಗೆ ಗಾಡಿ ನುಗ್ಗಿಸಿದವರಿಂದಲೇ ರಕ್ಷಣೆಯ ಖರ್ಚು ವಸೂಲಿ ಮಾಡುವ ಕಾನೂನೊಂದು ಅಲ್ಲಿದೆ, ಜನ ಅದನ್ನು ಮೂರ್ಖ ಚಾಲಕರ ಕಾನೂನು ಎನ್ನುತ್ತಾರೆ. ಕಾನೂನು ಬೇಕಾಯಿತು ಎಂದಮೇಲೆ ನುಗ್ಗಿಸಿದವರೂ ಇದ್ದರು ಎಂದಾಯಿತಲ್ಲ. ಕಾರು ನೀರಿನಲ್ಲಿ ಮುಳುಗಿತ್ತೇ ಎಂದು ತಿಳಿಯಲು ಸೀಟ್ ಬೆಲ್ಟನ್ನು ಪೂರ್ತಿ ಎಳೆದು ಕೊನೆಯ ಒಂದು ಅಡಿಯಲ್ಲಿ ಕೆಸರಿನ ಕಲೆ ಇದೆಯೇ ನೋಡಿ.

ಇನ್ನೊಬ್ಬರು, ಹಾಗಾದರೆ ಕೊಳ್ಳಲೇಬಾರದೇ ಎಂದು ಕೇಳಿದರು. ಹಾಗೆ ನಾನು ಹೇಳಲಿಲ್ಲ. ತುಕ್ಕು ಹಿಡಿದ ಚಾಸಿಯನ್ನು ಬದಲಿಸಲಾಗುವುದಿಲ್ಲ, ಒಣಗಿದ ಹೋಸ್ ಪೈಪನ್ನು ಬದಲಿಸಬಹುದು. ಟಕಾಟಾ ಕಂಪನಿಯ ಏರ್‌ಬ್ಯಾಗುಗಳು ಸಿಡಿದ ಹಗರಣದಲ್ಲೂ ಅಪಾಯ ಹೆಚ್ಚಾಗಿದ್ದದ್ದು ಸೆಕೆಯ ಜೊತೆ ತೇವವೂ ಇದ್ದ ಕರಾವಳಿ ರಾಜ್ಯಗಳಲ್ಲಿ, ಒಣ ಅರಿಜೋನಾದಲ್ಲಲ್ಲ. ನನ್ನ ತಕರಾರು ಬೆಲೆಯ ಮೇಲೆ. ತುಕ್ಕಿಲ್ಲ ಎಂಬ ಒಂದೇ ಗುಣಕ್ಕೆ ಹೆಚ್ಚು ಹಣ ಕೇಳುತ್ತಾರೆ, ಒಣಗಿದ್ದಕ್ಕೆ ಯಾರೂ ಕಡಿಮೆ ಮಾಡುವುದಿಲ್ಲ. ನನ್ನ ಗಾಡಿಗೆ ಮೊದಲ ವರ್ಷ ಟಯರು, ಬ್ಯಾಟರಿ, ಬೀಡಿಂಗ್, ಹೋಸ್, ಎರಡು ಮೌಂಟು ಎಂದು 2,300 ಡಾಲರ್ ಆಯಿತು. ಆ ಮೊತ್ತವನ್ನು ಕೊಳ್ಳುವಾಗಲೇ ಚೌಕಾಸಿಯಲ್ಲಿ ಇಳಿಸಿದ್ದರೆ ಇಂದು ಹೆಂಡತಿಯ ಎದುರು ತಲೆಯೆತ್ತಿ ಓಡಾಡುತ್ತಿದ್ದೆ. ಗಾಡಿ ಈಗಲೂ ನನ್ನಲ್ಲೇ ಇದೆ, ಹೊರಗೆ ನಿಂತಿದೆ, ಬೇಕಾದವರು ಬಗ್ಗಿ ನೋಡಬಹುದು.

ಕೊನೆಯದಾಗಿ, ನಾನು ಇಲ್ಲಿ ಕಳಿಸುತ್ತಿರುವ ಪ್ಲಾಸ್ಟಿಕ್ ಡಬ್ಬಿಯನ್ನು ಕೈಯಿಂದ ಕೈಗೆ ದಾಟಿಸಿ ನೋಡಿ. ಗಾಡಿ ತಂದ ಎರಡನೆಯ ವರ್ಷ ಎಂಜಿನ್ ಕೆಳಗಿನ ಕವಚ ಬಿಚ್ಚಿದಾಗ ಸಿಕ್ಕಿದ್ದು. ಪ್ಯಾಕ್‌ರ್ಯಾಟ್ ಎಂಬ ಮರುಭೂಮಿಯ ಇಲಿ ನಿಂತ ಕಾರುಗಳ ಬಾನೆಟ್ಟಿನ ಕೆಳಗೆ ಗೂಡು ಕಟ್ಟುತ್ತದೆ, ವೈರು ಕಡಿಯುತ್ತದೆ, ಶತ್ರುಗಳು ಬರದಿರಲೆಂದು ಗೂಡಿನ ಸುತ್ತ ಚೋಯಾ ಎಂಬ ಕಳ್ಳಿಯ ತುಂಡುಗಳನ್ನು ತಂದು ಪೇರಿಸುತ್ತದೆ. ಇದು ಅಂಥ ಒಂದು ತುಂಡು. ಮುಚ್ಚಳ ತೆಗೆಯಬೇಡಿ, ಅದರ ಮುಳ್ಳುಗಳಿಗೆ ಹಿಮ್ಮುಖದ ಕೊಕ್ಕೆಗಳಿವೆ. ಹಿಂದಿನ ಸಾಲಿನ ಮಕ್ಕಳ ಕೈಗೆ ಕೊಡುವ ಮೊದಲು ಯಾರಾದರೂ ದೊಡ್ಡವರು ಹಿಡಿದುಕೊಳ್ಳಿ.